ಲೈನಿಂಗ್ ಕೊಟ್ಟ ಕಾಲುಚೀಲ

ನಮ್ಮ ಅತ್ತೆಗೆ ನಾಯಿ ಎಂದರೆ ಆಗುತ್ತಿರಲಿಲ್ಲ. ಚಾಮರಾಜಪೇಟೆಯ ಮನೆಯ ಗೇಟಿಗೆ ಬೀದಿನಾಯಿ ಮೂತಿ ತಾಗಿಸಿದರೂ ಸಾಕು, ಒಂದು ಚೊಂಬು ನೀರು ಸುರಿದು ಗೇಟು ತೊಳೆಯುವವರು. ಅಂಥವರನ್ನು ಸ್ವೀಡನ್ನಿಗೆ ಕರೆಸಿಕೊಂಡು, ಹಿತ್ತಲ ತುಂಬ ನಾಯಿಗಳಿದ್ದ ಮನೆಯ ಮಹಡಿಯಲ್ಲಿ ಇಳಿಸಿದ ಪುಣ್ಯ ನನ್ನದು.

ಬೇಕೆಂದು ಮಾಡಿದ್ದಲ್ಲ. ಆಗ ನಾನು ಕಾರ್ಲ್‌ಸ್ಟಾಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಕಾಗದದ ನಾರು ನೀರನ್ನು ಹೇಗೆ ಕುಡಿಯುತ್ತದೆ ಎಂಬುದು ನನ್ನ ವಿಷಯ. ಕೇಳಿದವರೆಲ್ಲ ಕೂಡಲೇ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಗಂಡ ನಾರ್‌ಶೋಪಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ; ಶುಕ್ರವಾರ ರೈಲು ಹತ್ತಿ ಬಂದು ಭಾನುವಾರ ಹೋಗುವವನು. ಊರಲ್ಲಿ ಬಾಡಿಗೆಗೆ ಮನೆಯೇ ಸಿಗದೆ, ವಿಭಾಗದಲ್ಲಿ ಯಾರೋ ಹೇಳಿದರೆಂದು ಉತ್ತರಕ್ಕೆ ಒಂದು ಗಂಟೆಯ ಬಸ್ಸಿನ ದಾರಿಯಲ್ಲಿದ್ದ ಹಳ್ಳಿಮನೆಯ ಮಹಡಿ ಹಿಡಿದಿದ್ದೆವು. ಕೆಳಗೆ ಮನೆಯೊಡತಿ ಒಬ್ಬಳೇ. ಐವತ್ತು ದಾಟಿದ, ಬಿಳಿ ಜಡೆಯ, ಗಟ್ಟಿ ಹೆಂಗಸು. ಕೊಮ್ಯೂನ್, ಅಂದರೆ ಅಲ್ಲಿನ ಪುರಸಭೆಯ ಕಡೆಯಿಂದ ಮುದುಕರ ಮನೆಗಳಿಗೆ ಹೋಗಿ ಊಟ ಮಾತ್ರೆ ಕೊಟ್ಟು ಬರುವುದು ಅವಳ ಕೆಲಸ. ಉಳಿದ ಜೀವ ಪೂರ್ತಿ ನಾಯಿಗಳಿಗೆ. ಚಳಿಗಾಲದಲ್ಲಿ ಅವುಗಳನ್ನು ಹಿಮಬಂಡಿಗೆ ಕಟ್ಟಿಕೊಂಡು, ಒಂದೊಂದು ಸಲಕ್ಕೆ ದಿನಗಟ್ಟಲೆ ಓಡುವ ದೂರದ ರೇಸುಗಳಿಗೆ ಹೋಗುತ್ತಿದ್ದಳು. ಇಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ನಾಯಿಗಳು ಬೇಡ ಎನ್ನಲಾರವು, ಆದರೆ ಅವಳು ಬೇಡ ಎಂದಾಳು. ಅತ್ತೆ ಅವಳನ್ನು ಮೊದಲ ವಾರದಿಂದಲೇ ‘ನಾಯಿಯಮ್ಮ’ ಎಂದು ಕರೆದರು. ಹೂವಮ್ಮ, ಹಾಲಮ್ಮ ಇದ್ದ ಹಾಗೆ. ನಾನೂ ಹಾಗೇ ಕರೆಯುತ್ತೇನೆ.

ಅತ್ತೆ ಬಂದದ್ದು ಯಾಕೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಾನು ಬಸುರಿ ಎಂದು ಫೋನಿನಲ್ಲಿ ಕೇಳಿದ ದಿನವೇ ಅವರು ವೀಸಾಕ್ಕೆ ಓಡಾಡತೊಡಗಿದ್ದರು. ವೀಸಾ ಬರುವಷ್ಟರಲ್ಲಿ ನಾಲ್ಕನೆಯ ತಿಂಗಳಿಗೆ ಮಗು ಹೋಯಿತು. ‘ಇನ್ನು ಬರುವುದು ಬೇಡವೇನೋ’ ಎಂದು ಗಂಡ ಅಳುಕುತ್ತ ಹೇಳಿದ್ದಕ್ಕೆ, ‘ಈಗಲೇ ಬರ್ಬೇಕು’ ಎಂದು ಫೋನಿಟ್ಟರಂತೆ. ಅವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಮೆಂತ್ಯದ ಹಿಟ್ಟುಗಳ ಅಡಿಯಲ್ಲಿ ಒಂದು ಹಳೆಯ ಹತ್ತಿ ಸೀರೆ ಇತ್ತು. ತಿಳಿ ಹಳದಿ, ಸಣ್ಣ ಕೆಂಪಂಚು. ಒಗೆದು ಒಗೆದು ಬೆಣ್ಣೆಯಾಗಿದ್ದ ಸೀರೆ. ಎಳೆಮಗುವಿಗೆ ಸುತ್ತಲು ಅದಕ್ಕಿಂತ ಮೆತ್ತನೆಯ ಬಟ್ಟೆ ಇಲ್ಲ. ನನ್ನ ಗಂಡ ಹುಟ್ಟಿದಾಗ ಅವನನ್ನು ಸುತ್ತಿದ್ದೂ ಅದೇ ತರದ್ದರಲ್ಲಿ. ತೆಗೆದಿಡಲು ಮರೆತರೋ, ಮನಸ್ಸು ಬರಲಿಲ್ಲವೋ. ಅದನ್ನು ಹೊರತೆಗೆದಾಗ ನಾನು ಅಲ್ಲೇ ನಿಂತಿದ್ದೆ. ಅವರು ಅದನ್ನು ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟು ಬಾಗಿಲು ಹಾಕಿದರು.

ನಾನು ಅತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮರುವಾರವೇ ಲ್ಯಾಬಿಗೆ ಹೋಗಿದ್ದೆ. ‘ಗಟ್ಟಿಗಿತ್ತಿ’ ಎಂದರು ಎಲ್ಲರೂ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಶುರು ಮಾಡಿದರೆ ನಿಲ್ಲುವುದಿಲ್ಲ ಎಂಬ ಭಯ, ಅಷ್ಟೇ. ಅತ್ತೆಯೂ ಕೆದಕಲಿಲ್ಲ. ಬೆಳಿಗ್ಗೆ ಎಣ್ಣೆ ಹಚ್ಚಿ ತಲೆ ಬಾಚುವರು, ಬಿಸಿ ಸಾರು ಕುಡಿಸುವರು, ಬಸ್ಸು ತಪ್ಪುತ್ತದೆ ಎಂದು ನಾನು ಸಿಡುಕಿದರೆ ಸಿಡುಕಿಸಿಕೊಳ್ಳುವರು. ಇನ್ನು ಸಿಡುಕದ ದಿನವಿರಲಿಲ್ಲ ಎನ್ನಿ.

ಬಂದ ಮೊದಲ ಸಂಜೆ ಊಟ ಮುಗಿಸಿದ ನಾಯಿಗಳು ಎಂದಿನಂತೆ ಒಟ್ಟಾಗಿ ಕತ್ತೆತ್ತಿ ಊಳಿಟ್ಟವು. ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡರು.

‘ಯಾರು ಹೋದ್ರೇ?’

‘ಯಾರೂ ಹೋಗಿಲ್ಲ ಅತ್ತೆ. ಊಟ ಆಯ್ತು ಅಂತ ಹಾಡ್ತಿವೆ.’

‘ನಾಯಿ ಊಳಿಟ್ರೆ ಹಾಡು ಅಂತೀಯಲ್ಲ, ಇಷ್ಟು ಓದಿ ಏನು ಬಂತು?’

ಮರುದಿನ ಕಿಟಕಿಯಿಂದ ಅವುಗಳನ್ನು ಸರಿಯಾಗಿ ನೋಡಿದ ಮೇಲೆ ಅವರಿಗೆ ಇನ್ನೂ ನಿರಾಸೆಯಾಯಿತು. ಹಿಮದ ನಾಡಿನ ನಾಯಿ ಎಂದರೆ ಕ್ಯಾಲೆಂಡರಿನಲ್ಲಿರುವ, ಮೈತುಂಬ ರೋಮದ ನೀಲಿ ಕಣ್ಣಿನವು ಎಂದುಕೊಂಡಿದ್ದರು. ದೂರದ ರೇಸಿನ ನಾಯಿಗಳು ಹಾಗಿರುವುದಿಲ್ಲ. ಸಣಕಲು ಸೊಂಟ, ಉದ್ದ ಕಾಲು, ಒಂದಕ್ಕೊಂದು ಹೊಂದದ ಬಣ್ಣ. ‘ಇವೇನೇ, ನಮ್ಮ ಬೀದಿ ನಾಯಿಗಳೇ! ಇದಕ್ಕೆ ವಿಮಾನ ಹತ್ತಿ ಬರ್ಬೇಕಿತ್ತಾ?’ ಎಂದರು. ಆದರೂ ಕಿಟಕಿ ಬಿಟ್ಟು ಕದಲಲಿಲ್ಲ.

ಆ ನಾಯಿಗಳಲ್ಲಿ ಒಂದು ಮಾತ್ರ ಕಟ್ಟಿಲ್ಲದೆ ಅಂಗಳದಲ್ಲಿ ತಿರುಗುತ್ತಿತ್ತು. ಕಂದು ಮೈ, ಬಾಗಿದ ಒಂದು ಕಿವಿ, ಬೂದಿ ಬಳಿದಂತೆ ಬೆಳ್ಳಗಾದ ಮೂತಿ. ಎಷ್ಟೋ ವರ್ಷಗಳಿಂದ ನಾಯಿಯಮ್ಮನ ಬಂಡಿಯ ಮುಂದಾಳು ಅದೇ. ಅತ್ತೆ ಅದಕ್ಕಿಟ್ಟ ಹೆಸರು ‘ಮುದುಕಿ’. ಹಿಮಬಂಡಿಗೆ ಲಗಾಮು ಇರುವುದಿಲ್ಲ. ಹಿಂದೆ ನಿಂತವರು ಬಾಯಲ್ಲಿ ಹೇಳಿದ್ದನ್ನು ಕೇಳಿ, ದಾರಿ ಮುಚ್ಚಿದ್ದರೆ ಮೂಸಿ, ಕೆರೆಯ ಮೇಲಿನ ಮಂಜುಗಡ್ಡೆ ತೆಳುವಾಗಿದ್ದರೆ ಹೇಳಿದ್ದನ್ನು ಕೇಳದೆ, ಉಳಿದವನ್ನು ಎಳೆದುಕೊಂಡು ಹೋಗಬೇಕಾದದ್ದು ಮುಂದಿನ ನಾಯಿ. ‘ನನ್ನನ್ನು ಎರಡು ಸಲ ಕೆರೆಗೆ ಬೀಳದ ಹಾಗೆ ಮಾಡಿದ್ದಾಳೆ. ಎರಡು ಸಲವೂ ನಾನು ಬೈದಿದ್ದೆ’ ಎಂದು ನಾಯಿಯಮ್ಮ ಒಮ್ಮೆ ಫಿಕಾಕ್ಕೆ, ಎಂದರೆ ಕಾಫಿ-ಬನ್ನಿಗೆ, ಕೂತಾಗ ಹೇಳಿದ್ದಳು.

ಆ ವರ್ಷದ ಮಾರ್ಚಿನ ರೇಸು ಮುದುಕಿಯ ಕೊನೆಯದು. ನಾರ್ವೆಯ ಗಡಿಯ ಹತ್ತಿರ ದಾಲಾರ್ನಾದ ಬೆಟ್ಟಗಳಲ್ಲಿ ಮೂರು ದಿನದ ಓಟ. ಹಿಂದಿನ ಸಲ ಬಿರುಗಾಳಿಗೆ ಸಿಕ್ಕಿ ಅರ್ಧದಲ್ಲೇ ವಾಪಸಾಗಿದ್ದರು. ನಾಯಿಯಮ್ಮನಿಗೆ ಗೆಲ್ಲುವ ಹುಚ್ಚೇನೂ ಇರಲಿಲ್ಲ. ಅವಳು ಯಾವಾಗಲೂ ಕೊನೆಯಿಂದ ಎಣಿಸಿದರೆ ಬೇಗ ಸಿಗುವವಳು. ಮುದುಕಿ ಬಂಡಿಯ ಮುಂದಿದ್ದುಕೊಂಡೇ ಕೊನೆಯ ಗೆರೆ ದಾಟಬೇಕು, ಆಮೇಲೆ ಅಡುಗೆಮನೆಯ ಸೋಫಾದ ಮೇಲೆ ಸಾಯುವವರೆಗೆ ಮಲಗಬೇಕು. ಅವಳ ಆಸೆ ಇಷ್ಟೇ. ಇದನ್ನು ನನಗೆ ಹೇಳುವಾಗ ಅವಳ ಕಣ್ಣು ಸೋಫಾದ ಕಡೆಗಿತ್ತು. ಅಲ್ಲಿ ಆಗಲೇ ಕಂದು ರೋಮ ಅಂಟಿತ್ತು.

ಅತ್ತೆಯನ್ನು ಕೆಳಗಿಳಿಸಿದ್ದು ಹೊಲಿಗೆ ಮಿಷಿನ್ನಿನ ಸದ್ದು. ಅವರು ಚಾಮರಾಜಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮೂವತ್ತು ವರ್ಷ ಬ್ಲೌಸ್ ಹೊಲಿದವರು. ಕೆಳಗೆ ಮಿಷಿನ್ನು ಒಂದು ಹೊಲಿಗೆ ಹಾಕಿ ನಿಂತು, ಮತ್ತೆ ಒಂದು ಹಾಕಿ ನಿಲ್ಲುತ್ತಿದ್ದುದನ್ನು ಕೇಳಿ ಕೇಳಿ ಅವರಿಗೆ ತಡೆಯಲಾಗಲಿಲ್ಲ. ನಾನು ಲ್ಯಾಬಿನಿಂದ ಬರುವಷ್ಟರಲ್ಲಿ ಅವರು ಕೆಳಗಿನ ಅಡುಗೆಮನೆಯಲ್ಲಿ ಮಿಷಿನ್ನಿನ ಮುಂದೆ ಕೂತಿದ್ದರು. ನಾಯಿಯಮ್ಮ ಪಕ್ಕದಲ್ಲಿ ನಿಂತು ಕತ್ತರಿಸಿದ ಬಟ್ಟೆ ಒಂದೊಂದಾಗಿ ಕೊಡುತ್ತಿದ್ದಳು.

‘ಏಳು ಏಳು ಅಂದೆ, ಎದ್ಲು. ದಾರ ಹಾಕಕ್ಕೇ ಬರಲ್ಲ ಪಾಪ’ ಎಂದರು ಅತ್ತೆ ತಲೆಯೆತ್ತದೆ. ‘ಇದೇನು ಹೊಲಿಸ್ತಿದಾಳೆ ಕೇಳೇ. ಕೋತಿಗೆ ಕುಲಾವಿ ತರ ಇದೆ.’

ಅವು ನಾಯಿಗಳ ಕಾಲುಚೀಲ. ಶಾಲೆಯ ಬ್ಯಾಗಿನಂಥ ಒರಟು ನೈಲಾನ್ ಬಟ್ಟೆಯ ಪುಟ್ಟ ಚೀಲ, ಮೇಲೆ ಪರ್ ಎಂದು ಬಿಚ್ಚುವ ಅಂಟುಪಟ್ಟಿ. ಹಿಮ ಹರಳುಗಟ್ಟಿದಾಗ ಉಪ್ಪಿನ ಕಲ್ಲಿನ ಹಾಗೆ ಬೆರಳ ಸಂದಿಯನ್ನು ಕೊಯ್ಯುತ್ತದೆ. ಅದಕ್ಕೆ ಓಡುವ ಪ್ರತಿ ನಾಯಿಯ ಪ್ರತಿ ಕಾಲಿಗೂ ಒಂದೊಂದು. ಓಡಿದಂತೆ ಸವೆಯುತ್ತವೆ, ಉದುರುತ್ತವೆ, ಬದಲಾಯಿಸುತ್ತಲೇ ಇರಬೇಕು. ರೇಸು ಮುಗಿದ ಮೇಲೆ ದಾರಿಯುದ್ದಕ್ಕೂ ಬಣ್ಣಬಣ್ಣದ ಚೀಲಗಳು ಬಿದ್ದಿರುತ್ತವೆಯಂತೆ. ಎಂಟು ನಾಯಿಗೆ ನಾಲ್ಕು ಕಾಲು, ಅದರ ಮೇಲೆ ಮೂರು ದಿನ ಎಂದು ನಾನು ಲೆಕ್ಕ ಹೇಳಿದಾಗ ಅತ್ತೆಯ ಮುಖ ದೀಪಾವಳಿಯ ಆರ್ಡರು ಬಂದ ಹಾಗೆ ಬೆಳಗಿತು.

‘ಅಳತೆ ಕೊಡಕ್ಕೆ ಹೇಳು’ ಎಂದರು.

ಬ್ಲೌಸಿಗಾದರೆ ಅಳತೆ ಬ್ಲೌಸು ಕೊಡುತ್ತಾರೆ. ನಾಯಿಗೆ? ನಾಯಿಯಮ್ಮ ಒಂದೊಂದನ್ನೇ ಒಳಗೆ ಕರೆತಂದು, ಹಳೆಯ ಪೇಪರಿನ ಮೇಲೆ ಪಂಜ ಇಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಅತ್ತೆ ಗೋಡೆಗೆ ಒತ್ತಿಕೊಂಡು ದೂರದಿಂದಲೇ ‘ಇನ್ನೊಂಚೂರು ಬಿಡಿಸ್ಕೊಂಡು ಎಳಿ’ ಎನ್ನುವರು, ಅವಳು ಕೈಸನ್ನೆಯಲ್ಲೇ ಅರ್ಥಮಾಡಿಕೊಂಡು ಎಳೆಯುವಳು. ಮೊದಲ ವಾರ ದಿನಕ್ಕೆ ಎರಡು ಸಲ ಸ್ನಾನವಾಯಿತು. ಬಾಯ್ಲರಿನ ಬಿಸಿನೀರು ಖಾಲಿಯಾಗಿ ನಾಯಿಯಮ್ಮ ತಣ್ಣೀರೇ ಮಿಂದಳು. ಅವಳು ಮಾಡುವ ಏಲಕ್ಕಿ ಬನ್ನಿನ ವಾಸನೆ ಅತ್ತೆಗೆ ಹಿಡಿಸಿತು. ಅವರು ಥ್ಯಾಂಕ್ಸಿಗೆ ‘ತಾಕ್’ ಎನ್ನಲು ಕಲಿತರು, ಅವಳು ‘ಸಾಕು’ ಎನ್ನಲು ಕಲಿತಳು. ಅಷ್ಟು ಭಾಷೆಯಲ್ಲಿ ಆ ಇಬ್ಬರು ಹೆಂಗಸರು ಇಡೀ ಫೆಬ್ರವರಿ ಕಳೆದರು. ನಾನು ಕೆಲಸದಿಂದ ಬಂದಾಗ ಕೆಳಗಿನಿಂದ ನಗು ಕೇಳಿಸುತ್ತಿತ್ತು. ಒಂದೊಂದು ದಿನ ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಮುದುಕಿ ಮಾತ್ರ ಅಳತೆ ಕೊಟ್ಟ ಮೇಲೂ ಹೋಗಲಿಲ್ಲ. ಮಿಷಿನ್ನಿನ ಪೆಡಲಿನ ಪಕ್ಕದಲ್ಲೇ ಮಲಗಿತು. ಮೊದಲು ಅತ್ತೆ ಕಾಲೆಳೆದುಕೊಂಡು ಕೂತರು. ಒಂದೆರಡು ವಾರದಲ್ಲಿ ಕಾಲು ಬಿಟ್ಟರು. ಅದರ ಹಿಂದಿನ ಪಂಜಗಳ ಸಂದಿ ಒಡೆದು ಕೆಂಪಾಗಿದ್ದುದನ್ನು ಕಂಡದ್ದು ಅವರೇ. ವಯಸ್ಸಾದ ನಾಯಿಗಳಿಗೆ ಆಗುತ್ತದೆ, ಮುಲಾಮು ಹಚ್ಚುತ್ತಿದ್ದೇನೆ, ಆದರೆ ನೈಲಾನಿನ ಹೊಲಿಗೆ ಉಜ್ಜುತ್ತದೆ ಎಂದಳು ನಾಯಿಯಮ್ಮ. ನಾನು ಅದನ್ನು ಕನ್ನಡಕ್ಕೆ ತಂದೆ.

‘ಮತ್ತೆ ಲೈನಿಂಗ್ ಇಲ್ದೆ ಹೊಲಿದ್ರೆ ಚುಚ್ದೆ ಏನ್ಮಾಡತ್ತೆ?’ ಎಂದು ಅತ್ತೆ ಎದ್ದು ಮೇಲೆ ಹೋದರು.

ಕೆಳಗಿಳಿದು ಬಂದಾಗ ಅವರ ಕೈಯಲ್ಲಿ ಆ ಹಳದಿ ಸೀರೆ ಇತ್ತು. ನನ್ನ ಮುಖ ನೋಡದೆ ಕೂತು, ಸೆರಗಿನ ಕಡೆಯಿಂದ ಒಂದು ಗೇಣು ಅಳೆದು ಕತ್ತರಿ ಹಾಕಿದರು. ಹಳೆಯ ಹತ್ತಿ ಬಟ್ಟೆ ಕತ್ತರಿಸುವಾಗ ಸದ್ದೇ ಬರುವುದಿಲ್ಲ. ‘ಇದು ಅವಳೊಬ್ಬಳಿಗೆ’ ಎಂದರು. ‘ವಯಸ್ಸಾದವಳು. ಮೆತ್ತಗಿರ್ಲಿ.’ ನಾನು ಥೀಸಿಸ್ ಕೆಲಸ ಇದೆ ಎಂದು ಮೇಲೆ ಹೋದೆ.

ಹಳದಿ ಲೈನಿಂಗಿನ ಚೀಲ ತೊಡಿಸಿ ನಾಯಿಯಮ್ಮ ಪರೀಕ್ಷೆಗೆಂದು ಅರ್ಧ ದಿನ ಓಡಿಸಿಕೊಂಡು ಬಂದಳು. ಅವತ್ತು ಒಣ ಚಳಿ. ಮೂಗಿನ ಒಳಗೆಲ್ಲ ಕಟಕಟ ಎನ್ನುವಂಥದ್ದು. ಬಿಚ್ಚಿ ನೋಡಿದರೆ ಮುದುಕಿಯ ಪಂಜ ಒಣಗಿ, ಬೆಚ್ಚಗೆ, ಚೆನ್ನಾಗಿತ್ತು. ನಾಯಿಯಮ್ಮ ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಕೈ ಜೋತುಬಿಟ್ಟುಕೊಂಡು ತಬ್ಬಿಸಿಕೊಂಡರು.

ಹತ್ತಿ ಚಳಿನಾಡಿನ ಬಟ್ಟೆಯಲ್ಲ. ಅಲ್ಲಿ ಹುಟ್ಟಿದ ಮಗುವಿಗೂ ಗೊತ್ತು: ನೀರು ತಾಗುವ ಕಡೆ ಹತ್ತಿ ತೊಡಬಾರದು, ಕುಡಿದಿಟ್ಟುಕೊಳ್ಳುತ್ತದೆ, ಆಮೇಲೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಬಾಣಂತಿಗೆ, ಕೂಸಿಗೆ, ಗಾಯಕ್ಕೆ, ಎಲ್ಲಕ್ಕೂ ಹಳೆಯ ಹತ್ತಿ ಸೀರೆಯೇ. ಎರಡೂ ಗೊತ್ತಿರಬೇಕಾದವಳು ನಾನು. ನಾರು ನೀರು ಕುಡಿಯುವುದರ ಮೇಲೆಯೇ ತಾನೆ ಪಿಎಚ್‌ಡಿ! ಆದರೆ ಆ ಸೀರೆಯನ್ನು ನಾರು ಎಂದು ನೋಡಲು ನನ್ನಿಂದ ಆಗಿರಲಿಲ್ಲ.

ರೇಸಿಗೆ ಯಾವಾಗಲೂ ಜೊತೆಗೆ ಹೋಗುತ್ತಿದ್ದವನು ನಾಯಿಯಮ್ಮನ ತಮ್ಮ. ಅವನು ಮಂಜಿನ ಮೇಲೆ ಜಾರಿ ಸೊಂಟ ಹಿಡಿದುಕೊಂಡು ಮಲಗಿದ. ಆ ಜಾಗಕ್ಕೆ ‘ಹ್ಯಾಂಡ್ಲರ್’ ಎನ್ನುತ್ತಾರೆ: ನಾಯಿಗಳ ಗೂಡುಗಳಿರುವ ವ್ಯಾನನ್ನು ಒಂದು ಚೆಕ್‌ಪಾಯಿಂಟಿನಿಂದ ಇನ್ನೊಂದಕ್ಕೆ ಓಡಿಸಿಕೊಂಡು ಹೋಗಿ ಕಾಯುವವರು. ನನಗೆ ಲೈಸೆನ್ಸ್ ಇತ್ತು, ನಾನೇ ಬರುತ್ತೇನೆಂದು ಒಪ್ಪಿಕೊಂಡೆ. ಗಂಡನಿಗೆ ಆ ವಾರಾಂತ್ಯ ಆಫೀಸಿನಲ್ಲಿ ಯಾವುದೋ ರಿಲೀಸು. ‘ಈ ಕಾಡಲ್ಲಿ ಒಬ್ಬಳೇ ಇರ್ತೀನಾ? ನಾನೂ ಬರ್ತೀನಿ’ ಎಂದ ಅತ್ತೆ ಪುಳಿಯೋಗರೆ ಕಟ್ಟಿಕೊಂಡು, ಸೀರೆಯ ಮೇಲೆ ನಾಯಿಯಮ್ಮನ ದಪ್ಪ ಜಾಕೆಟ್ ಏರಿಸಿ, ಹೊಲಿಗೆ ಚೀಲ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು.

ಹೊರಡುವ ಜಾಗದಲ್ಲಿ ನೂರಾರು ನಾಯಿಗಳ ಕಿರುಚಾಟ. ಕಟ್ಟಿದ ಹಗ್ಗ ಕಿತ್ತುಕೊಂಡು ಹೋಗುವಂತೆ ಕುಪ್ಪಳಿಸುತ್ತವೆ, ನಮ್ಮ ಮಾತು ನಮಗೇ ಕೇಳುವುದಿಲ್ಲ. ಮುದುಕಿ ಮಾತ್ರ ಎಂಟರ ಮುಂದೆ ನೆಟ್ಟಗೆ ನಿಂತು ದಾರಿ ನೋಡುತ್ತಿತ್ತು. ಅದರ ಪಕ್ಕದಲ್ಲಿ ಜೋಡಿಯಾಗಿ ಕಟ್ಟಿದ್ದ ಅದರ ಮಗಳು ನಡುಗುತ್ತಿತ್ತು. ಬಂಡಿ ಹೊರಟ ಮರುಕ್ಷಣ ಸದ್ದೆಲ್ಲ ನಿಂತುಹೋಯಿತು. ಓಡುವ ನಾಯಿಗಳು ಬೊಗಳುವುದಿಲ್ಲ. ಹಿಮದ ಮೇಲೆ ಬಂಡಿಯ ಜರಜರ ಮಾತ್ರ. ‘ಹೋಗಿ ಬಾರೇ’ ಎಂದು ಅತ್ತೆ ಮುದುಕಿಗೆ ಕೈ ಬೀಸಿದರು.

ಮರುದಿನ ಹವೆ ಕೆಟ್ಟಿತು. ಬೆಳಿಗ್ಗೆ ಬೆಚ್ಚನೆಯ ಗಾಳಿ ಬಂದು ಹಿಮ ಕರಗಿ ರೊಚ್ಚೆಯಾಯಿತು, ಕೆರೆಗಳಲ್ಲಿ ಮಂಜುಗಡ್ಡೆಯ ಮೇಲೆ ನೀರು ನಿಂತಿತು. ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿ ಎಲ್ಲವೂ ಒಮ್ಮೆಗೇ ಕಲ್ಲಾಯಿತು. ಚೆಕ್‌ಪಾಯಿಂಟಿನ ಹಗ್ಗದ ಹಿಂದೆ ನಿಂತು ನಾವು ಕಾಯುತ್ತಿದ್ದೆವು. ಬೇರೆಯವರ ಬಂಡಿಗಳು ಬಂದವು, ಹೋದವು. ನಮ್ಮದು ಬಂದಾಗ ಮುದುಕಿ ಹಿಂದಿನ ಕಾಲನ್ನು ಎತ್ತಿ ಎತ್ತಿ ಇಡುತ್ತಿತ್ತು.

ನಾಯಿಯಮ್ಮ ಮಂಡಿಯೂರಿ ಚೀಲ ಬಿಚ್ಚಲು ಹೋದಳು. ಪರ್ ಎನ್ನಬೇಕಾದ ಪಟ್ಟಿ ಎನ್ನಲಿಲ್ಲ. ಚೀಲದ ಒಳಗಿನ ಹಳದಿ ಬಟ್ಟೆ ನೀರು ಕುಡಿದು ಗಾಜಿನಂತೆ ಗಟ್ಟಿಯಾಗಿತ್ತು. ಅವಳು ಬಾಯಿಂದ ಬಿಸಿಯುಸಿರು ಬಿಟ್ಟು ಬಿಟ್ಟು ಅದನ್ನು ಬಿಡಿಸತೊಡಗಿದಳು. ಒಂದು ಚೀಲ ಬಂತು. ಸಂದಿಯಲ್ಲಿ ರಕ್ತ ಸ್ವಲ್ಪ ಜಿನುಗಿತ್ತು.

ಅತ್ತೆ ಹಗ್ಗದ ಕೆಳಗೆ ತೂರಲು ಹೋದರು. ನಾನು ಜಾಕೆಟ್ ಹಿಡಿದು ಎಳೆದೆ.

‘ಮುಟ್ಟೋ ಹಾಗಿಲ್ಲ ಅತ್ತೆ! ನಾವು ಮುಟ್ಟಿದ್ರೆ ಅವಳನ್ನ ರೇಸಿಂದಾನೇ ತೆಗೆದುಹಾಕ್ತಾರೆ.’

ಅದು ಆ ಓಟದ ಕಟ್ಟಳೆ. ದಾರಿಯಲ್ಲಿರುವವರೆಗೆ ನಾಯಿಗಳಿಗೆ ಹುಲ್ಲು ಹಾಸುವುದು, ಸೂಪು ಕಾಯಿಸುವುದು, ಕಾಲು ತಿಕ್ಕುವುದು ಎಲ್ಲವನ್ನೂ ಓಡಿಸುವವರೇ ಮಾಡಬೇಕು. ಹ್ಯಾಂಡ್ಲರ್ ಎದುರಿಗೇ ನಿಂತು ನೋಡಬಹುದು, ಕೈ ಹಚ್ಚುವಂತಿಲ್ಲ. ನಾಯಿ ಬಂಡಿಯಿಂದ ಹೊರಬಿದ್ದರೆ ಮಾತ್ರ ಅದು ಹ್ಯಾಂಡ್ಲರ್ ಕೈಗೆ. ಒಮ್ಮೆ ಕೊಟ್ಟರೆ ಮತ್ತೆ ಕಟ್ಟುವಂತಿಲ್ಲ.

‘ಇದ್ಯಾವ ಸೀಮೆ ಕಾನೂನೇ? ನೋವಾಗಿರೋದು ಕಣ್ಮುಂದೆ ಕಾಣ್ತಿದೆ, ಮುಟ್ಬಾರ್ದಂತೆ!’ ಅತ್ತೆ ಹಿಡಿದ ಹಗ್ಗ ಬಿಡಲಿಲ್ಲ. ‘ನನ್ನ ಸೀರೆಯಿಂದ ಆಯ್ತು. ನನ್ನ ಕೈಯಾರೆ ಹೊಲಿದೆ. ಆ ಸೀರೆಗೆ ಋಣವೇ ಇಲ್ಲ ಕಣೇ. ಯಾರಿಗೆ ಅಂತ ತಂದ್ನೋ ಅದಕ್ಕೂ ಆಗ್ಲಿಲ್ಲ, ಇವಳಿಗೂ ಆಗ್ಲಿಲ್ಲ.’

ಮೂರು ತಿಂಗಳಲ್ಲಿ ನಮ್ಮಿಬ್ಬರ ನಡುವೆ ಆ ಮಾತು ಬಂದದ್ದು ಅದೇ ಮೊದಲು. ನಾನು ಅವರ ಜಾಕೆಟ್ಟನ್ನು ಬಿಡಲಿಲ್ಲ.

ಪಶುವೈದ್ಯೆ ಬಂದು ಕಾಲು ನೋಡಿದಳು. ಮೂಳೆಗೇನೂ ಆಗಿಲ್ಲ, ಕೆಲವು ದಿನದಲ್ಲಿ ಮಾಯುತ್ತದೆ, ಆದರೆ ಓಡಿಸಿದರೆ ಕೆಡುತ್ತದೆ ಎಂದಳು. ತೀರ್ಮಾನ ನಾಯಿಯಮ್ಮನದು. ಮುದುಕಿ ಆಗಲೇ ಎದ್ದು ನಿಂತು ದಾರಿಯ ಕಡೆ ಮುಖ ಮಾಡಿತ್ತು. ನಾಯಿಯಮ್ಮ ಅದರ ಕುತ್ತಿಗೆಗೆ ಹಣೆ ಒತ್ತಿ ಬಹಳ ಹೊತ್ತು ಕೂತಿದ್ದಳು. ನಂತರ ಎದ್ದು ಕೊಕ್ಕೆ ಬಿಚ್ಚಿ, ಮುದುಕಿಯನ್ನು ನಡೆಸಿಕೊಂಡು ಹಗ್ಗದ ಹತ್ತಿರ ಬಂದಳು.

‘ನಾನೂ ಇಲ್ಲಿಗೇ ನಿಲ್ಲಿಸುತ್ತೇನೆ’ ಎಂದಳು ನನಗೆ. ‘ಇವಳಿಲ್ಲದೆ ಗೆರೆ ದಾಟಿ ಏನು ಮಾಡಲಿ?’

‘ಏನಂತಾಳೆ?’ ಎಂದರು ಅತ್ತೆ. ನಾನು ಹೇಳಿದೆ. ಅವರ ಸೀರೆಯೇ ಕಾರಣ, ಕ್ಷಮಿಸಬೇಕಂತೆ ಎಂದು ಅವಳಿಗೂ ಹೇಳಿದೆ. ನಾಯಿಯಮ್ಮ ತಲೆಯಲ್ಲಾಡಿಸಿದಳು. ‘ಅವರಿಗೆ ಬಟ್ಟೆ ಗೊತ್ತು. ಹಿಮ ಗೊತ್ತಿರಬೇಕಾದದ್ದು ನನಗೆ. ಬೆಳಿಗ್ಗೆ ನೀರು ಕಂಡಾಗಲೇ ಬದಲಾಯಿಸಬೇಕಿತ್ತು. ಇವಳಿಗೆ ಅದು ಇಷ್ಟವಾಗಿತ್ತು, ತೆಗೆಯಲು ಮನಸ್ಸಾಗಲಿಲ್ಲ.’

ಅದನ್ನು ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅತ್ತೆ ಕೈಗವಸು ಕಿತ್ತು, ಅವಳ ಕೈಯಿಂದ ಮುದುಕಿಯ ಹಗ್ಗ ಇಸಿದುಕೊಂಡಿದ್ದರು. ಹುಲ್ಲಿನ ಕಂತೆಯ ಮೇಲೆ ದೊಪ್ಪನೆ ಕೂತು ಮುದುಕಿಯನ್ನು ಮಡಿಲಿಗೆ ಎಳೆದುಕೊಂಡರು. ಗೇಟಿಗೆ ನೀರು ಸುರಿಯುತ್ತಿದ್ದ ಹೆಂಗಸು. ಹೊಲಿಗೆ ಚೀಲದಿಂದ ಉಳಿದ ಸೀರೆ ತೆಗೆದು ಪಂಜವನ್ನು ಒತ್ತಿ ಒತ್ತಿ ಒರೆಸಿದರು, ಎರಡೂ ಅಂಗೈಗಳ ನಡುವೆ ಹಿಡಿದುಕೊಂಡರು.

‘ನೀನು ಹೋಗಿ ಬಾಮ್ಮ’ ಎಂದರು ನಾಯಿಯಮ್ಮನಿಗೆ, ಕನ್ನಡದಲ್ಲೇ. ‘ಉಳಿದ ಮಕ್ಕಳು ಓಡ್ಬೇಕು ಅಂತ ನಿಂತಿವೆ ನೋಡು. ಇವಳನ್ನ ನಾನು ನೋಡ್ಕೋತೀನಿ. ಹೋಗಿ ಬಾ.’

ಅನುವಾದ ಬೇಕಾಗಲಿಲ್ಲ. ನಾಯಿಯಮ್ಮ ಹಿಂದಿರುಗಿ, ಕಡ್ಡಾಯದ ವಿರಾಮ ಮುಗಿಸಿ, ಮಗಳು ನಾಯಿಯೊಂದನ್ನೇ ಮುಂದಿಟ್ಟುಕೊಂಡು ಹೊರಟಳು. ಅಷ್ಟು ಹೊತ್ತು ಸುಮ್ಮನಿದ್ದ ಮುದುಕಿ ತನ್ನನ್ನು ಬಿಟ್ಟು ಬಂಡಿ ಕದಲಿದ್ದನ್ನು ಕಂಡು ಕತ್ತೆತ್ತಿ ಊಳಿಟ್ಟಿತು. ಅಂಥ ಊಳನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ. ಅತ್ತೆ ಈಗ ಎದೆ ಹಿಡಿದುಕೊಳ್ಳಲಿಲ್ಲ, ಅಪಶಕುನ ಎನ್ನಲಿಲ್ಲ. ಅದರ ಬೆನ್ನು ತಟ್ಟುತ್ತ, ‘ಅಳು ತಾಯಿ, ಅತ್ಬಿಡು. ಬಿಟ್ಟು ಹೋದ್ರೆ ಅಳ್ದೆ ಇರಕ್ಕಾಗತ್ತಾ? ಒಳಗಿಟ್ಕೋಬಾರ್ದು’ ಎನ್ನುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ.

ಕೊನೆಯ ಗೆರೆಯ ಹತ್ತಿರ ಒಂದು ಲಾಟೀನು ಉರಿಯುತ್ತಿರುತ್ತದೆ. ದಾರಿಯಲ್ಲಿ ಇನ್ನೂ ಒಬ್ಬರಿದ್ದರೂ ಅದನ್ನು ಆರಿಸುವುದಿಲ್ಲ. ಎಲ್ಲರಿಗಿಂತ ಕೊನೆಗೆ ಬಂದವರಿಗೇ ಅದು ಸೇರುತ್ತದೆ. ಮೂರನೆಯ ದಿನ ಇಳಿಹೊತ್ತಿಗೆ ಬರಬೇಕಾದವಳು ನಾಯಿಯಮ್ಮ ಒಬ್ಬಳೇ. ಒಳಗೆ ಬಿಸಿ ಕಾಫಿ ಇದೆ, ಬನ್ನಿ ಎಂದು ಯಾರೋ ಕರೆದರು. ‘ದೀಪ ಹಚ್ಚಿಟ್ಟು ಕಾಯ್ತಿದಾರೆ, ನಾವು ಒಳಗೆ ಕೂರೋದಾ?’ ಎಂದು ಅತ್ತೆ ಕದಲಲಿಲ್ಲ. ಮುದುಕಿ ಅವರ ಕಾಲಿಗೊರಗಿ ಕೂತಿತ್ತು, ಪಟ್ಟಿ ಕಟ್ಟಿದ ಪಂಜದ ಮೇಲೆ ಮತ್ತೊಂದನ್ನಿಟ್ಟುಕೊಂಡು.

ಬಂಡಿ ಮರಗಳ ಸಾಲಿನಿಂದ ಹೊರಬಂತು. ಗೆರೆಗೆ ಕೂಗಳತೆಯಿರುವಾಗ ನಿಂತುಬಿಟ್ಟಿತು. ಒಂಟಿಯಾಗಿ ಎಂದೂ ಮುಂದೆ ಓಡಿರದ ಮಗಳು ನಾಯಿ ಬಾವುಟಗಳಿಗೆ, ಜನಕ್ಕೆ ಹೆದರಿ ಹಿಮದಲ್ಲಿ ಕೂತಿತ್ತು. ನಾಯಿಯಮ್ಮ ಬಂಡಿಯಿಂದ ಇಳಿದಳು. ಅವಳ ನಡಿಗೆಯಲ್ಲೇ ತಿಳಿಯಿತು, ಕಾಲಲ್ಲಿ ಜೀವವಿಲ್ಲ ಎಂದು. ಆಗ ನಮ್ಮ ಪಕ್ಕದಲ್ಲಿದ್ದ ಮುದುಕಿ ಎದ್ದು ನಿಂತು ಒಂದು ಸಲ ಬೊಗಳಿತು. ಮಗಳ ಕಿವಿ ನೆಟ್ಟಗಾಯಿತು. ಇನ್ನೊಂದು ಸಲ ಬೊಗಳುವಷ್ಟರಲ್ಲಿ ಬಂಡಿ ಹೊರಟಾಗಿತ್ತು. ನಾಯಿಯಮ್ಮ ಓಡಿ ಹಿಡಿಕೆ ಹಿಡಿದುಕೊಳ್ಳಬೇಕಾಯಿತು. ಗೆರೆ ದಾಟಿ ಬಂದು ನಾಯಿಗಳೆಲ್ಲ ಮುದುಕಿಯ ಮೇಲೆ ಬಿದ್ದವು.

‘ಇದು ಸಹಾಯ ಅಂತ ಆಗುತ್ತಾ?’ ಎಂದು ನಾನು ಅಳುಕುತ್ತಲೇ ತೀರ್ಪುಗಾರನನ್ನು ಕೇಳಿದೆ. ಅವನು ಗಡ್ಡದ ಮಂಜು ಒರೆಸಿಕೊಂಡು, ‘ನಾಯಿ ಬೊಗಳಬಾರದು ಎಂಬ ನಿಯಮ ಇನ್ನೂ ಮಾಡಿಲ್ಲ’ ಎಂದ.

ಗೆರೆ ದಾಟಿದ ಮೇಲೆ ಮಾಂಸದ ಮೊದಲ ತುಂಡು ಮುಂದಾಳು ನಾಯಿಗೆ. ಆಮೇಲೆ ಉಳಿದವಕ್ಕೆ, ಕಡೆಗೆ ಮನುಷ್ಯರಿಗೆ. ನಾಯಿಯಮ್ಮ ಚೀಲದಿಂದ ಹೆಪ್ಪುಗಟ್ಟಿದ ಮಾಂಸದ ತುಂಡು ತೆಗೆದಳು. ಮಗಳು ನಾಯಿಯನ್ನು ತಟ್ಟಿ, ದಾಟಿ, ಮುದುಕಿಯ ಎದುರಿಗೆ ಬಂದು ನಿಂತಳು. ಒಂದು ಗಳಿಗೆ ಯೋಚಿಸಿದಳು. ಆ ತುಂಡನ್ನು ಅತ್ತೆಯ ಮುಂದೆ ಹಿಡಿದಳು.

ಅವರು ಬೇಡ ಎನ್ನುತ್ತಾರೆ ಎಂದು ನಾನು ಬಾಯಿ ತೆರೆದೆ. ಮೊಟ್ಟೆ ಹಾಕಿದ ಕೇಕನ್ನೂ ಮೂಸಿ ಪಕ್ಕಕ್ಕಿಡುವವರು. ಅತ್ತೆ ಕೈಗವಸು ತೆಗೆದು, ಪ್ರಸಾದಕ್ಕೆ ಚಾಚುವ ಹಾಗೆ ಬಲಗೈ ಚಾಚಿ ಇಸಿದುಕೊಂಡು, ಮುದುಕಿಯ ಬಾಯಿಗೆ ಹಿಡಿದರು. ಮುದುಕಿ ಅವರ ಬೆರಳಿಗೆ ಹಲ್ಲು ತಾಗದಂತೆ ನಿಧಾನವಾಗಿ ತೆಗೆದುಕೊಂಡಿತು. ‘ತಿನ್ನು ಮಗಳೇ’ ಎಂದರು. ನಾಯಿಯಮ್ಮ ಅವರ ಭುಜದ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಈ ಸಲ ಅತ್ತೆಯ ಕೈ ಜೋತುಬಿದ್ದಿರಲಿಲ್ಲ.

ವಾಪಸು ಬರುವಾಗ ನಾಯಿಯಮ್ಮ ಹಿಂದಿನ ಸೀಟಿನಲ್ಲಿ ಲಾಟೀನು ತಬ್ಬಿಕೊಂಡು ನಿದ್ದೆಹೋಗಿದ್ದಳು. ಮುದುಕಿ ಮುಂದೆ ಅತ್ತೆಯ ಕಾಲ ಬಳಿ, ಹಳದಿ ಸೀರೆ ಹಾಸಿಕೊಂಡು ಮಲಗಿತ್ತು. ‘ಬೆಂಗಳೂರಲ್ಲಿ ಯಾರಿಗೂ ಹೇಳ್ಬೇಡ ಕಣೇ, ಮಾಂಸ ಮುಟ್ಟಿದ್ದು’ ಎಂದರು ಅತ್ತೆ. ಮುಂದೆ ಅವರೇ ಇಡೀ ಬೀದಿಗೆ ಹೇಳಿದರೆನ್ನುವುದು ಬೇರೆ ಮಾತು.

ಬಹಳ ದೂರ ಬಂದಿದ್ದೆವು. ಆ ಸೀರೆ ಕಣ್ಣಿಗೆ ಬೀಳುತ್ತಲೇ ಇತ್ತು. ಏನಾದರೂ ಹೇಳಬೇಕೆಂದು, ‘ಮನೆಗೆ ಹೋಗಿ ಅದನ್ನ ಒಗೆದು ತೆಗೆದಿಡ್ತೀನಿ ಅತ್ತೆ’ ಎಂದೆ.

‘ಬೇಡ. ಅದು ಇವಳಿಗಿರ್ಲಿ, ಸೋಫಾ ಮೇಲೆ ಹಾಸ್ಕೊಳ್ಲಿ’ ಎಂದರು. ಬಗ್ಗಿ ಮುದುಕಿಯ ಬಾಗಿದ ಕಿವಿಯನ್ನು ಬೆರಳಲ್ಲಿ ಸರಿಮಾಡಿದರು. ಅದು ಮತ್ತೆ ಬಾಗಿತು. ‘ನಿನಗೆ ಮುಂದಿನ ಸಲ ಬೇರೆ ತರ್ತೀನಿ.’

ಎದುರಿನ ರಸ್ತೆ ಕಲಸಿಹೋಯಿತು. ವೈಪರ್ ಹಾಕಿದೆ, ಹೊರಗೆ ಹಿಮವೂ ಇರಲಿಲ್ಲ, ಮಳೆಯೂ ಇರಲಿಲ್ಲ.

‘ಅಳೋದಾದ್ರೆ ಗಾಡಿ ನಿಲ್ಸಿ ಅಳು’ ಎಂದರು ಅತ್ತೆ. ‘ಹಿಂದೆ ಇಷ್ಟೊಂದು ಮಕ್ಕಳಿವೆ.’

ನಿಲ್ಲಿಸಿದೆ.